ಕಾಲುವೆಯ ಲೆಕ್ಕ: ಬಹುಜನರ ವ್ಯವಸ್ಥೆಗೊಂದು ಗಣಿತದ ಮಾದರಿ

ಮೋಶೆಯ ಮಾವನಾದ ಇತ್ರೋನನು ಅಳಿಯನ ಪಾಳೆಯಕ್ಕೆ ಬಂದ ವೃತ್ತಾಂತವನ್ನು ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ನಮ್ಮ ವಿದ್ಯಾರ್ಥಿನಿಯರೆಲ್ಲರೂ ಓದಿರುವರು. ಮೋಶೆಯೊಬ್ಬನೇ ಬೆಳಗಿನಿಂದ ಸಾಯಂಕಾಲದ ವರೆಗೆ ಕುಳಿತು ಜನರ ವ್ಯಾಜ್ಯಗಳನ್ನು ತೀರಿಸುತ್ತಿದ್ದುದನ್ನು ಆ ಹಿರಿಯನು ಕಂಡು, ಈ ಕ್ರಮವು ಯಾರಿಗೂ ಹಿತವಲ್ಲವೆಂದು ತಿಳಿಸಿ, ಸಾವಿರ ಮಂದಿಗೊಬ್ಬ, ನೂರು ಮಂದಿಗೊಬ್ಬ, ಐವತ್ತು ಮಂದಿಗೊಬ್ಬ, ಹತ್ತು ಮಂದಿಗೊಬ್ಬ ಅಧಿಪತಿಯನ್ನು ನೇಮಿಸಬೇಕೆಂದು ಆಲೋಚನೆ ಹೇಳಿದನು. ಇದನ್ನು ನೀತಿಪಾಠವಾಗಿ ಓದುವವರು ಬಹುಮಂದಿ. ಗಣಿತಪಾಠವಾಗಿ ಓದುವವರು ವಿರಳ. ಅದೇ ಗ್ರಂಥದ 12ನೆಯ ಅಧ್ಯಾಯದಲ್ಲಿ ಐಗುಪ್ತವನ್ನು ಬಿಟ್ಟು ಹೊರಟ ಗಂಡಸರ ಸಂಖ್ಯೆಯು ಸುಮಾರು 6,00,000 ಎಂದು ಹೇಳಿದೆ. ಆ ಪ್ರಕಾರ ಸಾವಿರದ ಅಧಿಪತಿಗಳು 600, ನೂರರವರು 6,000, ಐವತ್ತರವರು 12,000, ಹತ್ತರವರು 60,000, ಒಟ್ಟು 78,600. ಯೆಹೂದ್ಯ ಪಂಡಿತರು ಪೂರ್ವಕಾಲದಲ್ಲಿಯೇ ಈ ಸಂಖ್ಯೆಯನ್ನು ಎಣಿಸಿ ತಾಲ್ಮುದಿನಲ್ಲಿ ಬರೆದಿಟ್ಟಿರುವರು. ಭಾಗಿಸಿ ನೋಡಿದರೆ ಸುಮಾರು ಏಳೂವರೆ ಮಂದಿಗೆ ಒಬ್ಬ ಅಧಿಪತಿಯಾಗುತ್ತಾನೆ! ನ್ಯಾಯವು ಶೀಘ್ರವಾಗಿ ದೊರೆಯುವುದೇನೋ ಸರಿ, ಆದರೆ ಅದಕ್ಕೆ ತೆರಬೇಕಾದ ಬೆಲೆಯೂ ಇಂತಿಷ್ಟೆಂದು ಲೆಕ್ಕವು ಕೂಡಲೇ ತೋರಿಸಿಕೊಡುತ್ತದೆ.

ಮನುಷ್ಯರ ಸಂಘಟನೆಗಳನ್ನು ಹೀಗೆ ಸಂಖ್ಯೆಗಳಲ್ಲಿ ಬರೆದು ಪರೀಕ್ಷಿಸುವ ಶಾಸ್ತ್ರವೊಂದು ಕಳೆದ ಕೆಲವು ದಶಕಗಳಲ್ಲಿ ಬೆಳೆದಿದೆ. ತನ್ನ ತನ್ನ ನಿಯಮದಂತೆ ನಡೆಯುವ ಪ್ರತಿಯೊಂದು ಘಟಕವನ್ನು ಅದರಲ್ಲಿ ‘ಕರ್ತೃ’ ಎನ್ನೋಣ. ಅನೇಕ ಕರ್ತೃಗಳು ಕೂಡಿದ್ದು ‘ಬಹುಕರ್ತೃ ವ್ಯವಸ್ಥೆ’. ಪ್ರತಿಯೊಬ್ಬ ಕರ್ತೃವು ಏನನ್ನು ಬಲ್ಲನು, ಏನನ್ನು ಬಯಸುವನು, ಯಾರ ಮಾತನ್ನು ಕೇಳುವನು ಎಂಬ ಮೂರು ಸಂಗತಿಗಳನ್ನು ನಿಶ್ಚಯಿಸಿಕೊಂಡು, ಎಲ್ಲರೂ ಏಕಕಾಲದಲ್ಲಿ ವರ್ತಿಸಿದರೆ ಒಟ್ಟಿನ ಪರಿಣಾಮವೇನೆಂದು ಲೆಕ್ಕದಿಂದಲೋ ಕಂಪ್ಯೂಟರಿನಿಂದಲೋ ನೋಡುವುದೇ ಅದರ ‘ಮಾದರಿ’. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ನೋಡಿದಾಗ ಕಾಣದ ಫಲವು ಎಲ್ಲರನ್ನೂ ಸೇರಿಸಿ ನೋಡಿದಾಗ ಕಾಣಿಸಿಕೊಳ್ಳುವುದೇ ಈ ಶಾಸ್ತ್ರದ ಸ್ವಾರಸ್ಯವು.

ಇತ್ರೋನನು ಹೇಳಿದ್ದು ಏಣಿಯಂತಹ ಸಂಘಟನೆ. ಇಪ್ಪತ್ತು ಮಂದಿಯಲ್ಲಿ ಪ್ರತಿಯೊಬ್ಬರೂ ಪ್ರತಿಯೊಬ್ಬರೊಡನೆ ಮಾತನಾಡಬೇಕಾದರೆ 20 × 19 ÷ 2, ಅಂದರೆ 190 ಸಂಬಂಧಗಳು ಬೇಕು. ಏಣಿಯ ಕ್ರಮದಲ್ಲಿ ಒಬ್ಬನ ಹೊರತು ಉಳಿದವರಿಗೆಲ್ಲ ಒಬ್ಬೊಬ್ಬ ಮೇಲಿನವನಿದ್ದರೆ ಸಾಕಾದ್ದರಿಂದ 19 ಮಾತ್ರ. ಏಣಿಗಳು ಎಲ್ಲ ಕಾಲದಲ್ಲಿಯೂ ಹುಟ್ಟಿರುವುದಕ್ಕೆ ಇದೇ ಕಾರಣ. ನಮ್ಮ ಸೀಮೆಯಲ್ಲಿಯೇ ಉದಾಹರಣೆಗಳುಂಟು. ಮಸ್ಕಿಯಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರನು ಕಂಡ ಶಾಸನದಿಂದ ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬುದು ಸ್ಥಿರಪಟ್ಟಿತು; ಅದೇ ವರ್ಗದ ಬ್ರಹ್ಮಗಿರಿಯ ಶಾಸನವಾದರೋ ಸುವರ್ಣಗಿರಿಯಲ್ಲಿದ್ದ ರಾಜಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳುಹಿಸಿದ ಆಜ್ಞೆಯ ರೂಪದಲ್ಲಿದೆ. ಚಕ್ರವರ್ತಿಯ ಮಾತು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬಂದ ಬಗೆಯು ಕಲ್ಲಿನ ಮೇಲೆಯೇ ಉಳಿದಿದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿಯೂ ಇಂದು ಇಂತಹ ಏಣಿಯೇ ನಡೆಯುವುದು. ನೆಲದೊಳಗೆ ಬಹು ಆಳದಲ್ಲಿ ಸಿಡಿಮದ್ದು ಹಾರಿಸುವ ಕಡೆಯಲ್ಲಿ ಪ್ರತಿಯೊಬ್ಬನೂ ತನಗೆ ತೋಚಿದಂತೆ ನಡೆದರೆ ಪ್ರಾಣಕ್ಕೇ ಅಪಾಯವಷ್ಟೆ.

ಆದರೆ ಮಸ್ಕಿಯಿಂದ ಸಿಂಧನೂರಿನ ಕಡೆಗೆ ಹೊರಟ ಹೆಣ್ಣುಮಗಳು ಇನ್ನೊಂದು ಬಗೆಯ ಸಂಘಟನೆಯನ್ನು ಕಾಣುವಳು. ಅಲ್ಲಿ ಮೆಟ್ಟಿಲುಗಳಿಲ್ಲ, ಸಾಲು ಮಾತ್ರವಿದೆ. ಅದೇ ತುಂಗಭದ್ರಾ ಎಡದಂಡೆ ನಾಲೆ.

ಈ ನಾಲೆಯ ಪೂರ್ವವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಹೊಸಪೇಟೆಯ ಸಮೀಪದಲ್ಲಿ ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಕಾರ್ಯವು ಮದರಾಸು ಸರಕಾರ ಹಾಗೂ ಹೈದರಾಬಾದು ಸಂಸ್ಥಾನಗಳ ಒಪ್ಪಂದದಂತೆ 1945ರಲ್ಲಿ ಆರಂಭವಾಯಿತು. 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟರು. ಎಡದಂಡೆಯು ಆಗ ಹೈದರಾಬಾದಿನದು. 1956ರಲ್ಲಿ ರಾಯಚೂರು ಜಿಲ್ಲೆಯೊಡನೆ ಅದೂ ಮೈಸೂರು ರಾಜ್ಯಕ್ಕೆ ಸೇರಿತು. ನಾಲೆಯ ಉದ್ದವು 227 ಕಿಲೋಮೀಟರು, ಅಂದರೆ 141 ಮೈಲು. ಮೈಲಿನ ಲೆಕ್ಕವು ಉಳಿದೆಡೆಗಳಲ್ಲಿ ಅಳಿದುಹೋಗಿ ಬಹುಕಾಲವಾದರೂ ಈ ನಾಲೆಯ ದಂಡೆಯಲ್ಲಿ ಇನ್ನೂ ಜೀವಂತವಾಗಿದೆ: ಮೈಲು 69ರಲ್ಲಿ ಗೇಜು ಎಷ್ಟು, ಮೈಲು 104ರಲ್ಲಿ ಎಷ್ಟು ಎಂದು ಕೇಳುವುದೇ ರೈತರ ಕುಶಲಪ್ರಶ್ನೆಯಾಗಿದೆ. ಗಂಗಾವತಿ, ಕಾರಟಗಿ, ಸಿಂಧನೂರುಗಳನ್ನು ದಾಟಿ ಮಾನ್ವಿ ರಾಯಚೂರುಗಳ ಕಡೆಗೆ ನೀರು ಹೋಗಬೇಕು.

ಯೋಜನೆಯನ್ನು ಮಾಡಿದವರ ಅಭಿಪ್ರಾಯವೇನೆಂದರೆ, ವರ್ಷಕ್ಕೆ ಸುಮಾರು 600 ಮಿಲಿಮೀಟರು ಮಾತ್ರ ಮಳೆ ಬೀಳುವ ಈ ಬರದ ಸೀಮೆಯಲ್ಲಿ ಬಹುಮಂದಿಗೆ ಸ್ವಲ್ಪ ಸ್ವಲ್ಪ ನೀರು ದೊರೆತು ಕ್ಷಾಮವು ನಿವಾರಣೆಯಾಗಬೇಕೆಂಬುದು. ಆದುದರಿಂದಲೇ ಬಹುಪಾಲು ನೆಲವನ್ನು ಜೋಳ, ಹತ್ತಿ, ಶೇಂಗಾ ಮೊದಲಾದ ಅಲ್ಪಜಲದ ಬೆಳೆಗಳಿಗೆ ಗೊತ್ತುಮಾಡಿ, ಭತ್ತಕ್ಕೆ ಸಣ್ಣ ಭಾಗವನ್ನು ಮಾತ್ರ ಬಿಟ್ಟರು. ನಡೆದದ್ದೇ ಬೇರೆ. ನಾಲೆಯ ಮೇಲ್ಭಾಗದಲ್ಲಿ ಭತ್ತವು ಹಬ್ಬಿತು. ಕರಾವಳಿ ಆಂಧ್ರದಿಂದ ಬಂದು ಭೂಮಿ ಕೊಂಡು ‘ಕ್ಯಾಂಪು’ಗಳನ್ನು ಕಟ್ಟಿಕೊಂಡ ಒಕ್ಕಲಿಗರು ಅದನ್ನು ಜಾಣತನದಿಂದ ಬೆಳೆದರು, ಸ್ಥಳೀಕರೂ ಕಲಿತು ಬೆಳೆದರು. ಸಿಂಧನೂರು ಗಂಗಾವತಿಗಳು ಭತ್ತದ ಕಣಜವೆಂದು ಹೆಸರಾದವು, ಕೊನೆ ಭಾಗದವರು ನೀರಿಗಾಗಿ ರಸ್ತೆಯ ಮೇಲೆ ಕೂರುವಂತಾಯಿತು. ಹಾಲೆಂಡಿನ ವಿದ್ವಾಂಸರಾದ ಪೀಟರ್ ಮೊಲಿಂಗಾ ಎಂಬವರು ಈ ನಾಲೆಯ ನೀರು ಹಂಚಿಕೆಯನ್ನೇ ವಿಷಯವಾಗಿಟ್ಟುಕೊಂಡು ವಾಗೆನಿಂಗನ್ ವಿಶ್ವವಿದ್ಯಾಲಯಕ್ಕೆ 1998ರಲ್ಲಿ ಪ್ರಬಂಧವನ್ನು ಒಪ್ಪಿಸಿರುವರು.

ಮೇಲಿನವರು ದುರಾಶೆಯುಳ್ಳವರು, ಕೆಳಗಿನವರು ಪಾಪದವರು ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ಒಪ್ಪಿಗೆಯಾಗಲಾರದು. ಏಕೆಂದರೆ ಕೆಳಗಿನವರನ್ನು ಒಯ್ದು ಮೇಲೆ ಕೂರಿಸಿದರೆ ಅವರೂ ಹಾಗೆಯೇ ಮಾಡಿಯಾರು. ಹಾಗಾದರೆ ದೋಷವು ಜನರಲ್ಲಿದೆಯೋ ನಿಯಮದಲ್ಲಿದೆಯೋ? ಇದನ್ನು ತಿಳಿಯುವುದಕ್ಕಾಗಿಯೇ ಮಾದರಿಯು ಬೇಕಾಗುವುದು.

ಒಂದು ಉಪಕಾಲುವೆಯ ಮೇಲೆ ಆರು ತೂಬುಗಳಿವೆಯೆಂದೂ, ಪ್ರತಿ ತೂಬಿನ ಕೆಳಗೆ ಒಂದು ಮನೆತನದ 20 ಎಕರೆ ಇದೆಯೆಂದೂ ಭಾವಿಸಿರಿ. ಒಂದು ಎಕರೆ ಜೋಳಕ್ಕೆ ಒಂದು ಹಂಗಾಮಿನಲ್ಲಿ ಬೇಕಾಗುವ ನೀರನ್ನು ಒಂದು ‘ಪಾಲು’ ಎನ್ನೋಣ. ಒಂದು ಎಕರೆ ಭತ್ತಕ್ಕೆ ಮೂರು ಪಾಲು ಬೇಕೆಂದಿಟ್ಟುಕೊಳ್ಳೋಣ. ಕಾಲುವೆಗೆ ಬರುವುದು 120 ಪಾಲು. ಎಲ್ಲರೂ ಜೋಳವನ್ನು ಬಿತ್ತಿದರೆ 120 ಎಕರೆಗೂ ಸರಿಯಾಗಿ ನೀರು ಸಾಕಾಗುವುದು. ಇವೆಲ್ಲ ಪಾಠಕ್ಕಾಗಿ ಕಲ್ಪಿಸಿದ ಸಂಖ್ಯೆಗಳೇ ಹೊರತು ಯಾವುದೇ ಕಾಲುವೆಯ ಅಳತೆಯಲ್ಲವೆಂಬುದನ್ನು ಮರೆಯತಕ್ಕದ್ದಲ್ಲ.

ಈಗ ಕರ್ತೃವಿನ ನಿಯಮ. ಯಾವುದಾದರೊಂದು ತೂಬಿಗೆ ಬಂದು ಮುಟ್ಟಿದ ನೀರು ‘ನ’ ಎಂತಲೂ, ಆ ಮನೆತನದ ಬಯಕೆಯು ‘ಬ’ ಎಂತಲೂ ಇರಲಿ. ಅವರು ತೆಗೆದುಕೊಳ್ಳುವುದು ನ, ಬ ಇವೆರಡರಲ್ಲಿ ಕಿರಿದಾದುದನ್ನು; ಕೆಳಗಿನ ತೂಬಿಗೆ ಹೋಗುವುದು ಉಳಿದದ್ದು. ಇಷ್ಟೇ. ಪ್ರತಿಯೊಬ್ಬರೂ 20 ಎಕರೆಗೆ ಭತ್ತವನ್ನು ಬಯಸಿದರೆ ಬ = 60. ಮೊದಲನೆಯವರು 60 ತೆಗೆದುಕೊಂಡರು, ಉಳಿದದ್ದು 60. ಎರಡನೆಯವರು 60 ತೆಗೆದುಕೊಂಡರು, ಉಳಿದದ್ದು ಸೊನ್ನೆ. ಮೂರರಿಂದ ಆರರ ವರೆಗಿನ ನಾಲ್ಕು ಮನೆತನಗಳ 80 ಎಕರೆ ಒಣಗಿತು. ಇಲ್ಲಿ ಕಳ್ಳತನದ ಮಾತೇ ಬಂದಿಲ್ಲ. ಎಲ್ಲರ ಬಯಕೆಯೂ ಒಂದೇ, ಎಲ್ಲರ ನಿಯಮವೂ ಒಂದೇ. ವ್ಯತ್ಯಾಸವು ನಿಂತ ಸ್ಥಳದಿಂದ ಮಾತ್ರ ಬಂದಿತು.

ಇದರಿಂದ ಒಟ್ಟು ಸಂಪತ್ತು ಕಡಮೆಯಾಯಿತೇ? ಇಲ್ಲಿ ಜಾಗರೂಕತೆಯು ಅವಶ್ಯ. ಎಕರೆ ಜೋಳದ ಆದಾಯವನ್ನು 1 ಎನ್ನಿರಿ. ಭತ್ತದ ಆದಾಯವು ಅದರ ಎರಡರಷ್ಟಾದರೆ 40 ಎಕರೆಯಿಂದ 80. ಎಲ್ಲರೂ ಜೋಳ ಬೆಳೆದಿದ್ದರೆ 120. ಮೂರರಷ್ಟಾದರೆ ಎರಡೂ ಸಮ. ನಾಲ್ಕರಷ್ಟಾದರೆ ಭತ್ತದಿಂದಲೇ 160 ಬಂದು, ನಾಲ್ಕು ಮನೆಗಳ ಒಲೆ ಆರಿದ್ದರೂ ಒಟ್ಟು ಲೆಕ್ಕವು ಹೆಚ್ಚಾಗಿಯೇ ಕಾಣುವುದು! ಒಟ್ಟು ಮೊತ್ತವನ್ನು ಮಾತ್ರ ನೋಡುವವರಿಗೆ ಕೊನೆಯ ತೂಬು ಕಣ್ಣಿಗೇ ಬೀಳದೆಂಬುದು ಇದರಿಂದ ವ್ಯಕ್ತವಾಗುತ್ತದೆ. ಸೋರಿಕೆಯನ್ನು ಸೇರಿಸಿದರೆ ಕೊನೆಯವರ ಪಾಡು ಇನ್ನೂ ಕಠಿಣ: ತೂಬಿನಿಂದ ತೂಬಿಗೆ ಹತ್ತರಲ್ಲೊಂದು ಭಾಗವು ಇಂಗಿಹೋದರೆ, ಮೊದಲ ತೂಬಿನಲ್ಲಿದ್ದ 120 ಪಾಲನ್ನು ನಡುವೆ ಯಾರೂ ಮುಟ್ಟದೆ ಬಿಟ್ಟರೂ ಆರನೆಯ ತೂಬಿಗೆ ಮುಟ್ಟುವುದು ಸುಮಾರು 71 ಮಾತ್ರ.

ಇಷ್ಟಾದ ಮೇಲೆ ಮಾದರಿಗೆ ಇನ್ನೊಂದು ಸಂಗತಿಯನ್ನು ಸೇರಿಸೋಣ. ಕಾಲುವೆಯಲ್ಲಿ ಪ್ರತಿವರ್ಷವೂ ಹೂಳು ತುಂಬುವುದು. ಅದನ್ನು ಆರು ಮನೆತನದವರೂ ಸಲಿಕೆ ಹಿಡಿದು ತೆಗೆಯಬೇಕು. ಒಂದೊಂದು ಮನೆತನದ ದುಡಿಮೆಯಿಂದ 20 ಪಾಲು ನೀರು ಹರಿಯುವಷ್ಟು ಕಾಲುವೆ ತೆರೆಯುವುದೆನ್ನಿರಿ. ಹಿಂದಿನ ವರ್ಷ ನೀರನ್ನೇ ಕಾಣದವರು ಈ ವರ್ಷ ಸಲಿಕೆ ಹಿಡಿದು ಬರಲಾರರು. ಮೊದಲನೆಯ ವರ್ಷ ಆರು ಮಂದಿ ಬಂದರು, ನೀರು 120. ಮೇಲಿನ ಇಬ್ಬರು 60, 60 ತೆಗೆದುಕೊಂಡರು. ಎರಡನೆಯ ವರ್ಷ ಆ ಇಬ್ಬರೇ ಬಂದರು, ನೀರು 40; ಮೊದಲನೆಯವರೇ 40ನ್ನೂ ತೆಗೆದುಕೊಂಡರು. ಮೂರನೆಯ ವರ್ಷ ಮೊದಲನೆಯವರೊಬ್ಬರೇ ಬಂದರು, ನೀರು 20. ಸರದಿಯಂತೆ ಹಂಚಿಕೊಂಡಿದ್ದರೆ ಅವರಿಗೆ ಬರುತ್ತಿದ್ದದ್ದೂ 20ಏ! ಆರು ಮನೆತನಗಳ ಕಾಲುವೆಯಲ್ಲಿ ಈಗ ಒಬ್ಬರೇ ಸಲಿಕೆ ಹಿಡಿದು ನಿಂತಿರುವರು. ಅವರಿಗೆ ಮೊದಲ ಎರಡು ವರ್ಷಗಳಲ್ಲಿ ಲಾಭವಾಯಿತೆಂಬುದನ್ನು ಮರೆಮಾಚಬಾರದು. ಮೂರನೆಯ ವರ್ಷದಿಂದ ಮುಂದಕ್ಕೆ ಒಂದು ಪಾಲಿನಷ್ಟು ಲಾಭವೂ ಇಲ್ಲ.

ಇದು ಬರಿಯ ಕಲ್ಪನೆಯಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಪ್ರಥಮ ಮಹಿಳೆಯಾದ ಎಲಿನರ್ ಆಸ್ಟ್ರಮ್ ಅವರು ನೇಪಾಳದ ರೈತರೇ ನಡೆಸುವ ಕಾಲುವೆಗಳನ್ನು ಪರಿಶೀಲಿಸಿ, ತಮ್ಮ ಸಹೋದ್ಯೋಗಿಯೊಡನೆ 1993ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇದೇ ತತ್ತ್ವವನ್ನು ವಿವರಿಸಿರುವರು. ಮಣ್ಣು ಕಲ್ಲುಗಳ ಕಚ್ಚಾ ಒಡ್ಡು ಇದ್ದಲ್ಲಿ ಅದನ್ನು ವರ್ಷವರ್ಷವೂ ದುರಸ್ತಿಮಾಡಲು ಮೇಲಿನವರಿಗೆ ಕೆಳಗಿನವರ ಕೈಗಳು ಬೇಕು. ಆದುದರಿಂದ ನೀರನ್ನು ಕೊಡುವರು. ಹೊರಗಿನ ಹಣದಿಂದ ಪಕ್ಕಾ ಒಡ್ಡು ಕಟ್ಟಿಕೊಟ್ಟರೆ ಆ ಕೈಗಳ ಅವಶ್ಯಕತೆ ತಪ್ಪುವುದು, ಅದರೊಡನೆ ಕೆಳಗಿನವರ ಮಾತಿಗಿದ್ದ ಬೆಲೆಯೂ ತಪ್ಪುವುದು. ಉಪಕಾರಕ್ಕೆಂದು ಕಟ್ಟಿದ ಗಾರೆ ಗೋಡೆಯು ಹೀಗೆ ಅಪಕಾರವನ್ನು ಮಾಡಬಲ್ಲುದು.

ಸಿಂಧನೂರಿನ ಸಂಕಟವನ್ನು ಈ ಬೆಳಕಿನಲ್ಲಿ ನೋಡಬೇಕು. ತುಂಗಭದ್ರೆಯ ಅಣೆಕಟ್ಟನ್ನು ಮಾನ್ವಿಯ ಕೊನೆ ಭಾಗದ ರೈತನು ಸಲಿಕೆಯಿಂದ ದುರಸ್ತಿಮಾಡುವುದಿಲ್ಲ. ದೊಡ್ಡ ನಾಲೆಯ ಹೂಳನ್ನು ಇಲಾಖೆಯ ಯಂತ್ರಗಳು ತೆಗೆಯುವುವು. ನಮ್ಮ ಮಾದರಿಯ ಭಾಷೆಯಲ್ಲಿ ಹೇಳುವುದಾದರೆ, ಯಾರು ಬಂದರೂ ಬಾರದಿದ್ದರೂ ನೀರು 120ಏ. ಮೇಲಿನವರು ಕೆಳಗಿನವರನ್ನು ಮರೆತರೂ ಮೂರನೆಯ ವರ್ಷದ ಶಿಕ್ಷೆಯು ಅವರಿಗೆ ತಟ್ಟದು. ಆ ಸಹಜವಾದ ಕಡಿವಾಣವು ಇಲ್ಲದ ಕಡೆಯಲ್ಲಿ ನಿಯಮದಿಂದ ಕಡಿವಾಣವನ್ನು ಹಾಕಬೇಕಾಗುವುದು.

ಅಂತಹ ನಿಯಮಗಳಲ್ಲಿ ಪ್ರಸಿದ್ಧವಾದುದು ಪಂಜಾಬಿನ ವಾರಬಂದಿ. ವಾರದ 168 ತಾಸುಗಳನ್ನು ಭೂಮಿಯ ಪ್ರಮಾಣಕ್ಕೆ ಅನುಸಾರವಾಗಿ ಹಂಚುವುದು ಅದರ ಕ್ರಮ. ನಮ್ಮ ಆರು ಸಮಾನ ಮನೆತನಗಳಿಗೆ 168 ÷ 6, ಅಂದರೆ ಒಬ್ಬೊಬ್ಬರಿಗೆ 28 ತಾಸು. ಸಣ್ಣ ಹಿಡುವಳಿಯವರಿಗೆ ಯಾವಾಗಲೂ ರಾತ್ರಿಯ ಪಾಳಿಯೇ ಬಂದೀತೆಂದು ವರ್ಷಕ್ಕೊಮ್ಮೆ 12 ತಾಸು ಸರಿಸುವ ಪದ್ಧತಿಯೂ ಉಂಟು. ಈ ಸಣ್ಣ ತಿದ್ದುಪಡಿಯನ್ನು ಮಾಡಿದವನಿಗೆ ಹೊಲದಲ್ಲಿ ರಾತ್ರಿ ನೀರು ಕಟ್ಟಿ ಗೊತ್ತಿದ್ದಿರಬೇಕು. ಹಳೆಯ ಮೈಸೂರಿನ ಕೆರೆಗಳ ಕೆಳಗೆ ನೀರುಗಂಟಿಯೆಂಬವನು ಇದೇ ಕೆಲಸವನ್ನು ಗಡಿಯಾರವಿಲ್ಲದೆ ಮಾಡುತ್ತಿದ್ದನು. ಕರ್ನಾಟಕದಲ್ಲಿ 1965ರ ನೀರಾವರಿ ಕಾಯಿದೆಗೆ 2000ದಲ್ಲಿ ತಿದ್ದುಪಡಿಯನ್ನು ತಂದು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಹಂಚಿಕೆಯ ಹೊಣೆಯನ್ನು ಕೊಡಲು ಅವಕಾಶ ಮಾಡಿದರು. ಆದರೆ ಸಂಘವು ತನ್ನ ತೂಬಿಗೆ ಬಂದ ನೀರನ್ನು ಮಾತ್ರ ಹಂಚಬಲ್ಲುದು. ಮೇಲಿನಿಂದ ಬಾರದ ನೀರನ್ನು ಹಂಚುವ ಗಣಿತವಿಲ್ಲ.

ಏಣಿಯೂ ಇಲ್ಲದೆ, ಗಡಿಯಾರವೂ ಇಲ್ಲದೆ ಸುವ್ಯವಸ್ಥೆಯು ಹುಟ್ಟಬಹುದೇ? ಬಾಲಿ ದ್ವೀಪದ ಉದಾಹರಣೆಯು ಇಲ್ಲಿ ಬಹು ಬೋಧಪ್ರದ. ಅಲ್ಲಿಯ ಭತ್ತದ ರೈತರು ಸುಬಾಕ್ ಎಂಬ ಸಂಘಗಳಲ್ಲಿ ಕೂಡಿ, ಜಲದೇವಾಲಯಗಳಲ್ಲಿ ಸಭೆ ಸೇರಿ, ಯಾವಾಗ ನಾಟಿ ಯಾವಾಗ ಬೀಡು ಎಂದು ಗೊತ್ತುಮಾಡುತ್ತಿದ್ದರು. ಎಲ್ಲರೂ ಏಕಕಾಲಕ್ಕೆ ನಾಟಿಮಾಡಿದರೆ ನೀರು ಸಾಲದು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ಮಾಡಿದರೆ ಕೀಟಗಳು ಹೊಲದಿಂದ ಹೊಲಕ್ಕೆ ದಾಟಿ ಎಂದಿಗೂ ಸಾಯವು. ಲ್ಯಾನ್ಸಿಂಗ್, ಕ್ರೆಮರ್ ಎಂಬಿಬ್ಬರು ಎರಡು ನದಿಗಳ ದಂಡೆಯ 172 ಸುಬಾಕುಗಳನ್ನು ಕಂಪ್ಯೂಟರಿನೊಳಗೆ ಕರ್ತೃಗಳನ್ನಾಗಿ ಮಾಡಿ 1993ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕೊಟ್ಟ ನಿಯಮವು ಒಂದೇ: ವರ್ಷದ ಕೊನೆಯಲ್ಲಿ ನೆರೆಯವರ ಬೆಳೆಯನ್ನು ನೋಡು, ನಿನಗಿಂತ ಹೆಚ್ಚು ಬೆಳೆದವನಿದ್ದರೆ ಅವನ ಕಾಲಕ್ರಮವನ್ನು ಅನುಸರಿಸು. ಕೆಲವೇ ವರ್ಷಗಳ ಲೆಕ್ಕದಲ್ಲಿ ಸುಬಾಕುಗಳು ತಾವಾಗಿಯೇ ಗುಂಪುಗೂಡಿದುವು, ಆ ಗುಂಪುಗಳು ವಾಸ್ತವವಾದ ಜಲದೇವಾಲಯಗಳ ಕೂಟಗಳನ್ನು ಬಹುಮಟ್ಟಿಗೆ ಹೋಲಿದುವು. ಗಮನಿಸಬೇಕಾದುದೇನೆಂದರೆ, ಬಾಲಿಯಲ್ಲಿ ಮೇಲಿನವನಿಗೂ ಕೆಳಗಿನವನ ಭಯವುಂಟು: ಕೆಳಗಿನ ಹೊಲದ ಕೀಟವು ಹಾರಿ ಮೇಲಕ್ಕೆ ಬರುವುದು. ನೇಪಾಳದಲ್ಲಿ ಸಲಿಕೆಯು ಮಾಡಿದ ಕೆಲಸವನ್ನು ಬಾಲಿಯಲ್ಲಿ ಕೀಟವು ಮಾಡಿತು.

ಇನ್ನು ಮಾದರಿಯ ಕೊರತೆಯನ್ನೂ ಹೇಳಬೇಕು. ನಮ್ಮ ಕಾಲುವೆಯಲ್ಲಿ ‘ಮನೆತನ’ವನ್ನು ಒಬ್ಬ ಕರ್ತೃವೆಂದು ಎಣಿಸಿದೆವು. ಮನೆಯೊಳಗೆ ನೀರಿನ ಬಗ್ಗೆ ಮಾತನಾಡುವವರು ಯಾರು, ದುಡಿಯುವವರು ಯಾರು ಎಂಬುದು ಅಲ್ಲಿ ಕಾಣದು. ಸಿಂಧನೂರಿನ ಗದ್ದೆಗಳಲ್ಲಿ ಬೆನ್ನು ಬಾಗಿಸಿ ನಾಟಿಮಾಡುವ ಹೆಂಗಸರ ತಂಡಗಳು ಭೂಮಿಯಿಲ್ಲದ ಕಾರಣ ನಮ್ಮ ಲೆಕ್ಕದೊಳಗೆ ಬಂದೇ ಇಲ್ಲ. ಅವರನ್ನು ಏಳನೆಯ ಕರ್ತೃವಾಗಿ ಸೇರಿಸಿದರೆ ಉತ್ತರವು ಬದಲಾಗುವುದು: ಭತ್ತದ ನಾಟಿಯಿಂದ ಅವರಿಗೆ ಕೂಲಿಯುಂಟು, ಒಣಗಿದ ಹೊಲದಿಂದ ಏನೂ ಇಲ್ಲ. ಆಗ ಮೇಲ್ಭಾಗದ ಭತ್ತವನ್ನು ಸುಮ್ಮನೆ ನಿಂದಿಸುವುದು ಸಾಧ್ಯವಾಗದು. ಹಾಗೆಯೇ ‘ಸೊನ್ನೆ ನೀರು’ ಎಂದು ನಾವು ಬರೆದ ಒಂದು ಅಂಕಿಯ ಹಿಂದೆ ಮನೆಗೆ ಬೀಗ ಹಾಕಿ, ಮುದುಕರನ್ನು ಬಿಟ್ಟು, ಮಕ್ಕಳನ್ನು ಶಾಲೆ ಬಿಡಿಸಿ ದೂರದ ಊರಿಗೆ ಗುಳೆ ಹೋಗುವ ಸಂಸಾರವಿದೆ. ಹೀಗೆ ಶಾಲೆ ಬಿಡುವವರಲ್ಲಿ ತಮ್ಮನನ್ನೋ ತಂಗಿಯನ್ನೋ ನೋಡಿಕೊಳ್ಳಬೇಕಾದ ಹುಡುಗಿಯು ಮೊದಲಿನವಳು. ಯಾರನ್ನು ಕರ್ತೃವೆಂದು ಎಣಿಸಬೇಕೆಂಬುದು ಗಣಿತದ ಮೊದಲನೆಯ ಪಂಕ್ತಿಯಲ್ಲಿಯೇ ತೀರ್ಮಾನವಾಗುವುದು, ಅದನ್ನು ತೀರ್ಮಾನಿಸುವವರು ನಾವೇ.

ಮಸ್ಕಿಯ ಆ ಶಾಸನದಲ್ಲಿ ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನದಿಂದ ಶ್ರೇಯಸ್ಸನ್ನು ಪಡೆಯಬಹುದೆಂಬ ಅಭಿಪ್ರಾಯವಿದೆ. ಪ್ರಯತ್ನವೇನೋ ಕೊನೆಯ ತೂಬಿನವರಲ್ಲಿ ಕಡಮೆಯಿಲ್ಲ.

ಈ ಪಾಠವನ್ನು ಕಂಪ್ಯೂಟರಿಲ್ಲದೆ ತರಗತಿಯಲ್ಲಿಯೇ ಆಡಬಹುದು. ಆರು ಹುಡುಗಿಯರು ಸಾಲಾಗಿ ಕುಳಿತು 120 ಹುಣಿಸೆ ಬೀಜಗಳನ್ನು ಮೊದಲನೆಯವಳ ಕೈಗೆ ಕೊಡಿರಿ. ಅವಳು ತೆಗೆದುಕೊಂಡು ಉಳಿದದ್ದನ್ನು ಮುಂದಕ್ಕೆ ದಾಟಿಸಲಿ. ಒಂದು ಬೀಜವೂ ದೊರೆಯದವಳು ಮುಂದಿನ ಆಟದ ಹೂಳು ತೆಗೆಯುವ ಕೆಲಸಕ್ಕೆ ಬರತಕ್ಕದ್ದಲ್ಲ. ಬಂದವಳೊಬ್ಬಳಿಗೆ 20ರಂತೆ ಬೀಜಗಳನ್ನು ಸೇರಿಸಿ ಮತ್ತೆ ಆಡಿರಿ. ಬಯಕೆಯು 60ರ ಬದಲು 30 ಆದರೆ ನೀರು 120, 80, 60, 40 ಎಂದು ಇಳಿದು 40ರಲ್ಲಿಯೇ ನಿಲ್ಲುವುದು. ಇಬ್ಬರು ಉಳಿಯುವರು, ಒಬ್ಬಳಿಗೆ 30, ಇನ್ನೊಬ್ಬಳಿಗೆ 10. 24 ಆದರೆ ಐವರು ಉಳಿದು ಐದನೆಯವಳಿಗೆ ಬರುವುದು 4. ಇದನ್ನು ಆಡಿ ತಾಳೆನೋಡಿಕೊಂಡ ಮೇಲೆ ಎರಡನೆಯ ಆಟ: ಹೂಳಿನ ನಿಯಮವನ್ನು ಬಿಟ್ಟು ಪ್ರತಿವರ್ಷವೂ 120 ಬೀಜವನ್ನೇ ಕೊಡಿರಿ, ಬಯಕೆಯನ್ನು 60ರಲ್ಲಿಯೇ ಇಡಿರಿ, ಆದರೆ ವರ್ಷಕ್ಕೊಮ್ಮೆ ಮೊದಲನೆಯವಳು ಎದ್ದು ಸಾಲಿನ ಕೊನೆಗೆ ಹೋಗಿ ಕುಳಿತುಕೊಳ್ಳಲಿ. ಆರು ವರ್ಷಗಳಲ್ಲಿ ಪ್ರತಿಯೊಬ್ಬಳಿಗೂ 120 ಬೀಜಗಳು ಬರುವುವು. ಸಮವಾಗಿ ಹಂಚಿದ್ದರೂ ಅಷ್ಟೇ ಬರುತ್ತಿದ್ದುವು. ಆದರೆ ಪ್ರತಿಯೊಬ್ಬಳೂ ಒಟ್ಟು ನಾಲ್ಕು ವರ್ಷ ಬರಿಗೈಯಲ್ಲಿ ಕುಳಿತಿರುವಳು. ಎರಡು ಹಂಚಿಕೆಗಳೂ ಸಮಾನವೋ ಎಂಬ ಪ್ರಶ್ನೆಗೆ ಉತ್ತರವನ್ನು, ಕಾರಣಗಳ ಸಹಿತ, ಒಂದು ಪುಟಕ್ಕೆ ಮೀರದಂತೆ ಬರೆಯಿರಿ.